ವೃಷಭಾವತಿ ಬಯಲಿನ ಮೇವು: ವಿಷವನ್ನು ಎಲ್ಲಿ ಹುಡುಕಬೇಕು?

ಪೀಣ್ಯ, ರಾಜಾಜಿನಗರ, ವಿಜಯನಗರಗಳ ಕೊಳಚೆ ಮತ್ತು ಕಾರ್ಖಾನೆ ತ್ಯಾಜ್ಯವನ್ನು ಹೊತ್ತ ವೃಷಭಾವತಿ ಮೈಸೂರು ರಸ್ತೆಗುಂಟ ಹರಿದು, ಕೆಂಗೇರಿ ದಾಟಿ, ಬಿಡದಿ ಬಳಿಯ ಭೈರಮಂಗಲ ಕೆರೆ ಸೇರುತ್ತದೆ. ಜನರ ಬಾಯಲ್ಲಿ 'ಕೆಂಗೇರಿ ಮೋರಿ'ಯಾಗಿರುವ ಈ ನದಿಯ ನೀರಿನಲ್ಲಿ ತರಕಾರಿಯಷ್ಟೇ ಅಲ್ಲ, ಸೀಮೆಹುಲ್ಲೂ ಬೆಳೆಯುತ್ತದೆ. ಹುಲ್ಲು ಹಸುವಿಗೆ, ಹಾಲು ಡೇರಿಗೆ. ಅನುಮಾನ ಬಂದಾಗ ಮೊದಲು ಹಾಲನ್ನು ಪರೀಕ್ಷಿಸುವುದು ಸಹಜ. ಆದರೆ ಎಲ್ಲ ವಿಷವೂ ಹಾಲಿಗೆ ಇಳಿಯುವುದಿಲ್ಲ.

ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಇಳಿಯುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳಗಳಲ್ಲಿರುವ ಬಿ1 ರೂಪವು ಹಸುವಿನ ಯಕೃತ್ತಿನಲ್ಲಿ ಎಂ1 ಆಗಿ ಮಾರ್ಪಟ್ಟು, ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸುತ್ತದೆ. ಆ ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಭಾರತದಲ್ಲಿ ಮಿತಿ ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯ 6,432 ಮಾದರಿಗಳಲ್ಲಿ 368 ಇದನ್ನು ಮೀರಿದ್ದವು. ಈ ವಿಷಕ್ಕೆ ಹಾಲು ನಂಬಬಹುದಾದ ಸಾಕ್ಷಿ.

ಕಾರ್ಖಾನೆ ತ್ಯಾಜ್ಯದೊಡನೆ ನೀರಿಗೆ ಸೇರಬಲ್ಲ ಲೋಹ ಕ್ಯಾಡ್ಮಿಯಂ ಹಾಗಲ್ಲ. ಹಸು ತಿಂದದ್ದರಲ್ಲಿ ಬಹುಪಾಲು ಸಗಣಿಯೊಡನೆ ಹೊರಬಿದ್ದು, ಗೊಬ್ಬರವಾಗಿ ಹೊಲಕ್ಕೇ ಮರಳುತ್ತದೆ. ಮೈಗೆ ಹತ್ತಿದ್ದು ಮೂತ್ರಪಿಂಡ, ಯಕೃತ್ತುಗಳಲ್ಲಿ ವರ್ಷಗಟ್ಟಲೆ ಕೂಡಿಕೊಳ್ಳುತ್ತದೆ. ಹಾಲಿಗೆ ಬರುವುದು ಅತ್ಯಲ್ಪ. ಹಾಗಾಗಿ ಹಾಲಿನ ವರದಿ ಚೊಕ್ಕವಾಗಿದ್ದ ಮಾತ್ರಕ್ಕೆ ಹುಲ್ಲು ಚೊಕ್ಕವೆನ್ನಲಾಗದು.

ಹುಲ್ಲನ್ನೇ ಪರೀಕ್ಷಿಸಿದರೂ ಇನ್ನೊಂದು ತೊಡಕಿದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಸೊಪ್ಪಿನಲ್ಲಿ ಕ್ಯಾಡ್ಮಿಯಂ ಮಿತಿ ಕಿಲೋಗೆ 0.2 ಮಿಲಿಗ್ರಾಂ, ಇದು ಹಸಿ ತೂಕದ ಲೆಕ್ಕ. ಐರೋಪ್ಯ ಒಕ್ಕೂಟದಲ್ಲಿ ಸಸ್ಯಮೂಲದ ಮೇವಿಗೆ ಮಿತಿ 1 ಮಿಲಿಗ್ರಾಂ. ಅದು ಶೇ 12 ತೇವಾಂಶದ ಲೆಕ್ಕ. ಶೇ 85 ನೀರಿರುವ ಒಂದು ಕಿಲೋ ಹಸಿ ಹುಲ್ಲಿನಲ್ಲಿ 0.2 ಮಿಲಿಗ್ರಾಂ ಇದೆಯೆನ್ನಿ. ಶೇ 12 ತೇವಾಂಶಕ್ಕೆ ಒಣಗಿಸಿದಾಗ ಉಳಿಯುವುದು ಸುಮಾರು 170 ಗ್ರಾಂ. ಆಗ ಪ್ರಮಾಣ ಕಿಲೋಗೆ ಸುಮಾರು 1.2 ಮಿಲಿಗ್ರಾಂ. ಸೊಪ್ಪಿನ ಅಳತೆಯಲ್ಲಿ ಮಿತಿಯೊಳಗಿದ್ದದ್ದು ಮೇವಿನ ಅಳತೆಯಲ್ಲಿ ಮಿತಿ ಮೀರುತ್ತದೆ.

ಆದ್ದರಿಂದ ಅಫ್ಲಾಟಾಕ್ಸಿನ್‌ಗೆ ಹಿಂಡಿ, ಹಾಲು ಎರಡನ್ನೂ ಪಟ್ಟಿ ಪರೀಕ್ಷೆ ಅಥವಾ ಎಲೈಸಾದಂಥ ತ್ವರಿತ ವಿಧಾನದಿಂದ ಜರಡಿ ಹಿಡಿದು, ಅನುಮಾನದ ಮಾದರಿಗಳನ್ನಷ್ಟೇ ನಿಖರ ಅಳತೆಯ ಪ್ರಯೋಗಾಲಯ ಪರೀಕ್ಷೆಯಾದ ಎಚ್‌ಪಿಎಲ್‌ಸಿಗೆ ಕಳುಹಿಸಿದರೆ ಸಾಕು. ಲೋಹಗಳಿಗೆ ಮಾತ್ರ ಮಣ್ಣು, ಸೊಪ್ಪು, ಹುಲ್ಲುಗಳ ಮಾದರಿಯೇ ಬೇಕು. ತೇವಾಂಶ ಬರೆದಿಡದ ಹುಲ್ಲಿನ ಅಂಕಿಯನ್ನು ಯಾವ ಮಿತಿಯೊಡನೆಯೂ ಹೋಲಿಸಬಾರದು.