ಒಂದರ ಎರಡು ಬದಿ

10⁻³ ಎಂದರೆ ಎಷ್ಟೆಂದು ಮನೆಯ ಮಕ್ಕಳನ್ನು ಕೇಳಿ ನೋಡಿ. ‘ಮೈನಸ್ ಸಾವಿರ’ ಎಂಬ ಉತ್ತರ ಬರಬಹುದು. ನಮ್ಮ ಆಲೆಟ್ಟಿಯ ಮಳೆಯನ್ನೇ ತೆಗೆದುಕೊಳ್ಳಿ. ಅದನ್ನು ಅಳೆಯುವ ಒಂದು ಮಿಲಿಮೀಟರ್ 10⁻³ ಮೀಟರ್, ಅಂದರೆ ಮೀಟರಿನ ಸಾವಿರದಲ್ಲೊಂದು ಪಾಲು. ಸುರಿದ ಮಳೆ ಸೊನ್ನೆಗಿಂತ ಕಡಿಮೆಯಾದೀತೇ?

ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಒಂದರಿಂದ ಹತ್ತು ಹತ್ತು ಪಟ್ಟು ಏರುವ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಕೊನೆಯ ‘ಮಹಾಕ್ಷೋಭ’ ಇಂದಿನ ಬರಹದಲ್ಲಿ 10²³. ಒಂದರಿಂದ ಹಿಂದಕ್ಕೂ ಅದೇ ನಿಯಮ ನಡೆಯುತ್ತದೆಂದು 12ನೇ ಶತಮಾನದಲ್ಲಿ ತೋರಿಸಿಕೊಟ್ಟವರು ಬಗ್ದಾದಿನ ಅಸ್ಸಮೌಅಲ್. ಹತ್ತೊಂಬತ್ತರ ಹರೆಯದಲ್ಲಿ ಬರೆದ ‘ಅಲ್ ಬಾಹಿರ್’ ಎಂಬ ಬೀಜಗಣಿತ ಗ್ರಂಥದಲ್ಲಿ ಅವರು ಒಂದು ಕೋಷ್ಟಕ ಹಾಕಿದರು. ನಡುವೆ ಒಂದು, ಒಂದು ಬದಿಗೆ ಘಾತಗಳು, ಇನ್ನೊಂದು ಬದಿಗೆ ಅವುಗಳ ಪಾಲುಗಳು. ಗುಣಿಸಲು, ಭಾಗಿಸಲು ಮನೆಗಳನ್ನು ಎಣಿಸಿದರೆ ಸಾಕು.

ಒಂದು ಹೆಕ್ಟೇರ್ ತೋಟ 10⁴ ಚದರ ಮೀಟರ್. ಅಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ 10⁴ × 10⁻³. ನಾಲ್ಕನೆಯ ಮನೆಯಿಂದ ಮೂರು ಮನೆ ಹಿಂದಕ್ಕೆ ಬಂದರೆ 10¹, ಅಂದರೆ 10 ಘನ ಮೀಟರ್: ಹತ್ತು ಸಾವಿರ ಲೀಟರ್ ನೀರು!

ಸೂತ್ರ ಬಾಯಿಪಾಠ ಮಾಡಿಸುವ ಮೊದಲು ಮಕ್ಕಳಿಗೆ ಈ ಕೋಷ್ಟಕ ಬರೆದು ತೋರಿಸಿ. ಘಾತದ ಮೈನಸ್ ಒಂದರಿಂದ ಎಷ್ಟು ಮನೆ ಹಿಂದೆ ಬಂದೆವೆಂದು ಹೇಳುತ್ತದೆ, ಅಷ್ಟೆ.