ನಿಮ್ಮ ಫೋಟೊ ಪೊಟ್ಟಣವಾದ ಕಥೆ

ಹಾಲಿನ ಪ್ಯಾಕೆಟ್, ಬಿಸ್ಕತ್ ಪ್ಯಾಕೆಟ್ ನಮಗೆಲ್ಲ ಗೊತ್ತು. ಮೊಬೈಲಿನೊಳಗೂ ದಿನವಿಡೀ ಓಡಾಡುವುದು ಪ್ಯಾಕೆಟ್‌ಗಳೇ. ನೀವು ಕಳಿಸಿದ ಫೋಟೊ ಇಡಿಯಾಗಿ ಹೋಗುವುದಿಲ್ಲ. ಚೂರುಚೂರಾಗಿ ಹೋಗಿ ಆ ಕಡೆ ಮತ್ತೆ ಒಂದಾಗುತ್ತದೆ. ಒಂದೊಂದು ಚೂರಿಗೂ ಪ್ಯಾಕೆಟ್ ಅಂತ ಹೆಸರು.

1960ರ ದಶಕದಲ್ಲಿ ಇದ್ದದ್ದು ಟೆಲಿಫೋನ್ ಪದ್ಧತಿ. ಇಬ್ಬರು ಮಾತು ಶುರು ಮಾಡಿದರೆ ಮುಗಿಯುವ ತನಕ ಆ ಲೈನು ಅವರಿಗೇ ಮೀಸಲು, ಸುಮ್ಮನೆ ಕೂತಿದ್ದರೂ. ಕಂಪ್ಯೂಟರಿಗೆ ಇದು ಹೊಂದುವುದಿಲ್ಲ. ಅದು ಒಂದು ಕ್ಷಣ ಗಡಿಬಿಡಿಯಲ್ಲಿ ಮಾತಾಡಿ ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತದೆ. ಇಬ್ಬರಿಗಾಗಿ ಇಡೀ ಬಸ್ಸು ಹಿಡಿದಿಟ್ಟ ಹಾಗೆ.

ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬರಾನ್ ಅವರ ಚಿಂತೆ ಯುದ್ಧದ್ದು. ಅಣುಬಾಂಬು ಬಿದ್ದು ಕೆಲವು ಕೇಂದ್ರಗಳು ಹಾಳಾದರೂ ಸಂದೇಶ ಉಳಿದ ದಾರಿ ಹಿಡಿದು ತಲುಪಬೇಕು. ಅದಕ್ಕೆ ಸಂದೇಶವನ್ನು ತುಂಡು ಮಾಡಿ ಕಳಿಸಬಹುದೆಂದು 1964ರಲ್ಲಿ ಬರೆದರು. ತುಂಡಿಗೆ ಅವರಿಟ್ಟ ಹೆಸರು 'ಮೆಸೇಜ್ ಬ್ಲಾಕ್'. ಇತ್ತ ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವಿಸ್ ಅವರಿಗೆ ಇದರ ಸುದ್ದಿಯೇ ಇರಲಿಲ್ಲ. 1965ರಲ್ಲಿ ಅವರೂ ತಾವಾಗಿಯೇ ಅದೇ ಯೋಚನೆಗೆ ಬಂದರು. ತುಂಡಿನ ಅಳತೆ ಕೂಡ ಇಬ್ಬರದೂ ಒಂದೇ: 1024 ಬಿಟ್!

ಆದರೆ ಡೇವಿಸ್ ಹೆಸರಿಗೂ ತಲೆ ಕೆಡಿಸಿಕೊಂಡರು. ನಮಗೆ ಇಷ್ಟವಾದದ್ದು ಇದೇ. ಭಾಷೆ ಬಲ್ಲವರನ್ನು ಕೇಳಿ, ಬೇರೆ ಭಾಷೆಗಳಿಗೂ ಒಗ್ಗುತ್ತದೆ ಎಂದು ಖಾತ್ರಿ ಮಾಡಿಕೊಂಡು 'ಪ್ಯಾಕೆಟ್' ಆರಿಸಿದರು. ಸಣ್ಣ ಪೊಟ್ಟಣ ಎಂದರ್ಥ. 1967ರಲ್ಲಿ ಅಮೆರಿಕದ ಗ್ಯಾಟ್ಲಿನ್‌ಬರ್ಗ್ ಸಭೆಯಲ್ಲಿ ಅವರ ಸಹೋದ್ಯೋಗಿ ರೋಜರ್ ಸ್ಕ್ಯಾಂಟಲ್‌ಬರಿ ಈ ಕೆಲಸ ವಿವರಿಸಿದರು. ಇಂಟರ್ನೆಟ್ಟಿನ ತಾಯಿಬೇರಾದ ಆರ್ಪಾನೆಟ್ ಕಟ್ಟಲು ಹೊರಟವರು ಅಲ್ಲಿ ಕೇಳುತ್ತಿದ್ದರು. ಆರ್ಪಾನೆಟ್ 1969ರಲ್ಲಿ ಶುರುವಾಯಿತು. 'ಬ್ಲಾಕ್' ಹಿಂದೆ ಸರಿಯಿತು, 'ಪ್ಯಾಕೆಟ್' ನಿಂತಿತು.

ಪೊಟ್ಟಣದ ಮೇಲೆ ಬರೆದ ವಿಳಾಸವೇ ಐಪಿ ಅಡ್ರೆಸ್. ವಿಳಾಸ ನೋಡಿ ಮುಂದಿನ ದಾರಿಗೆ ದಾಟಿಸುವ ಯಂತ್ರ ರೂಟರ್. ಫೋಟೊದ ಪೊಟ್ಟಣ ದಾರಿಯಲ್ಲಿ ಕಳೆದರೆ ಮತ್ತೆ ಕಳಿಸಲಾಗುತ್ತದೆ, ಆದ್ದರಿಂದ ಸಿಗ್ನಲ್ ಕಮ್ಮಿಯಿದ್ದರೂ ಫೋಟೊ ತಡವಾಗಿ ಪೂರ್ತಿ ಬರುತ್ತದೆ. ವಿಡಿಯೊ ಕಾಲ್‌ಗೆ ಕಾಯುವಷ್ಟು ಪುರಸೊತ್ತಿಲ್ಲ. ತಡವಾದ ಪೊಟ್ಟಣವನ್ನು ಬಿಟ್ಟು ಮುಂದೆ ಹೋಗುತ್ತದೆ. ಬೆಂಗಳೂರಿನಲ್ಲಿರುವ ಮಗಳ ಮಾತು ಅರ್ಧಕ್ಕೆ ನುಂಗಿಹೋಗುವುದು ಹಾಗೆ.

ಮುಂದಿನ ಸಲ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ "ನೆಟ್ ಬರ್ತಿಲ್ಲ" ಅಂದರೆ "ಮೊಬೈಲ್ ಆಫ್ ಮಾಡಿ ಆನ್ ಮಾಡಿ" ಎಂದು ಸಾಗಹಾಕಬಹುದು. "ನೆಟ್ ಇದೆ, ಪ್ಯಾಕೆಟ್ ಲಾಸ್ ಆಗ್ತಿದೆ, ದೂರು ಬರ್ಕೊಳ್ಳಿ" ಎಂದು ಹೇಳಿ, ದೂರಿನ ನಂಬರ್ ಕೇಳಿ ಇಟ್ಟುಕೊಳ್ಳಿ.