ಆಡುವವನಿಗೆ ನೌಕರಿ, ಆಳುವವನಿಗೆ ಮತ: ಗಾರ್ಡನ್ ರೀಚ್‌ನಿಂದ ಕಂಡ ಫುಟ್‌ಬಾಲ್ ಆಡಳಿತ

ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ, ಹೂಗ್ಲಿ ನದಿಯ ದಂಡೆಯಲ್ಲಿ, ಆಗ್ನೇಯ ರೈಲ್ವೆಯ ಕೇಂದ್ರ ಕಚೇರಿ ಇದೆ. ಅದರ ಮೂಲ ಬಂಗಾಳ ನಾಗಪುರ ರೈಲ್ವೆ ಎಂಬ ಖಾಸಗಿ ಕಂಪನಿ. 1944ರಲ್ಲಿ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. 1955ರಲ್ಲಿ ಆಗ್ನೇಯ ರೈಲ್ವೆ ಎಂಬ ಹೊಸ ಹೆಸರು ಬಂತು. ಫುಟ್‌ಬಾಲ್ ಮಾತ್ರ ಈ ನಾಮಕರಣವನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. 1964ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ರೈಲ್ವೆ ತಂಡವನ್ನು ಜನ ಬಿ.ಎನ್.ಆರ್. ಎಂದೇ ಕರೆದರು, ಈಗಲೂ ಹಾಗೆಯೇ ಕರೆಯುತ್ತಾರೆ. ಇದೇ ಆಸುಪಾಸಿನ ಮಟಿಯಾಬುರ್ಜ್‌ಗೆ, ರಾಜ್ಯ ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಶಾ 1856ರಲ್ಲಿ ಬಂದು ನೆಲೆಸಿದ. ಅವನು ತೀರಿಕೊಂಡ 1887ರಲ್ಲೇ ಈ ರೈಲ್ವೆ ಕಂಪನಿ ಹುಟ್ಟಿತು. ಒಬ್ಬ ಅನ್ನದಾತನ ನೆರಳು ಸರಿದ ಕಡೆ ಇನ್ನೊಬ್ಬ ಅನ್ನದಾತ ಬಂದು ಕೂತ ಹಾಗೆ.

ಅನ್ನದಾತ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಆಡಳಿತದ ಭ್ರಷ್ಟಾಚಾರದ ಬಗ್ಗೆ ಬಂದಿರುವ ಬರಹಗಳು ಸಾಮಾನ್ಯವಾಗಿ ಜ್ಯೂರಿಕ್‌ನ ಪಂಚತಾರಾ ಹೋಟೆಲೊಂದರ ಬಾಗಿಲಲ್ಲಿ ಶುರುವಾಗುತ್ತವೆ. ಅಲ್ಲಿ ಕಾಣುವುದು ಲಂಚ. ರೈಲ್ವೆ ಕಾಲೊನಿಯ ಕಡೆಯಿಂದ ನೋಡಿದರೆ ಅದಕ್ಕಿಂತ ಹಳೆಯದೊಂದು ಕಾಣುತ್ತದೆ, ಅದು ಋಣ. ಲಂಚಕ್ಕೆ ಕಾನೂನಿನಲ್ಲಿ ಹೆಸರಿದೆ, ಶಿಕ್ಷೆಯಿದೆ. ಋಣಕ್ಕೆ ಎರಡೂ ಇಲ್ಲ. ಫುಟ್‌ಬಾಲ್ ಆಡಳಿತವನ್ನು ಕೆಡಿಸಿದ್ದು ಹೆಚ್ಚಾಗಿ ಈ ಎರಡನೆಯದು ಎಂಬುದು ನನ್ನ ವಾದ.

1960ರ ದಶಕದ ಬಿ.ಎನ್.ಆರ್. ತಂಡವನ್ನೇ ನೋಡೋಣ. ತುಳಸೀದಾಸ್ ಬಲರಾಂ ಸಿಕಂದರಾಬಾದಿನವರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯ ಮೇಲೂ ಪೆರುವಿನ ಮೇಲೂ ಗೋಲು ಹೊಡೆದವರು. ಈಸ್ಟ್ ಬೆಂಗಾಲ್‌ನ ಕಣ್ಮಣಿಯಾಗಿದ್ದವರು 1963ರಲ್ಲಿ ಬಿ.ಎನ್.ಆರ್. ಸೇರಿದರು. ಕಾರಣ ರೈಲ್ವೆ ನೌಕರಿ. ಅದೇ ತಂಡದ ಅಪ್ಪಲರಾಜು 1964ರ ಏಷ್ಯಾ ಕಪ್‌ನಲ್ಲಿ ದಕ್ಷಿಣ ಕೊರಿಯಾದ ಮೇಲೆ ಎರಡನೇ ನಿಮಿಷಕ್ಕೇ ಗೋಲು ಹೊಡೆದರು. ತೆಲುಗು ನಾಡಿನ ಹುಡುಗರು ಹೂಗ್ಲಿ ದಂಡೆಗೆ ಬಂದದ್ದು ಆಕಸ್ಮಿಕವಲ್ಲ. ಈ ರೈಲ್ವೆಯ ಹಳಿ ಖರಗ್‌ಪುರ ದಾಟಿ ವಾಲ್ಟೇರ್‌ವರೆಗೆ ಇಳಿಯುತ್ತಿತ್ತು. ಹಳಿ ಹೋದಲ್ಲೆಲ್ಲ ನೇಮಕಾತಿಯೂ ಹೋಯಿತು.

ಕಾಗದದ ಮೇಲೆ ಇವರೆಲ್ಲ ಹವ್ಯಾಸಿಗಳು. ಹಣಕ್ಕಾಗಿ ಆಡುವಂತಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿರಬಹುದು. ಬ್ರಿಟಿಷರ ಕಾಲದ ಈ ಹವ್ಯಾಸಿ ನಿಯಮ ಆಟಗಾರನನ್ನು ವಿಚಿತ್ರ ಸ್ಥಿತಿಯಲ್ಲಿ ನಿಲ್ಲಿಸಿತು. ಸಂಬಳ ಆಟಕ್ಕಲ್ಲ ಎಂದು ನಟಿಸಬೇಕು. ಆಟ ನಿಂತರೂ ಸಂಬಳ ಉಳಿಸಿಕೊಟ್ಟವನಿಗೆ ಜೀವನಪೂರ್ತಿ ತಲೆಬಾಗಬೇಕು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂಬುದು ನಮ್ಮಲ್ಲಿ ಹಿರಿಯ ಗುಣ, ಆಡಳಿತದಲ್ಲಿ ಅದೇ ದೊಡ್ಡ ರೋಗ. ರೈಲ್ವೆ ನೌಕರಿಯಿಂದ ನೂರಾರು ಬಡ ಮನೆಗಳ ಒಲೆ ಉರಿಯಿತು ಎಂಬುದನ್ನು ನಾನು ಮರೆತಿಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ರೈಲ್ವೇಸ್ ತಂಡ 1961-62, 1964-65, 1966-67ರಲ್ಲಿ ಗೆದ್ದದ್ದು ಈ ನೌಕರಿಗಳ ಬಲದಿಂದಲೇ. ಆದರೆ ಫುಟ್‌ಬಾಲ್ ಸಂಘದ ಸಭೆಯಲ್ಲಿ ಕೈ ಎತ್ತುವ ಹಕ್ಕು ಆಟಗಾರನಿಗೆ ಸಿಗಲಿಲ್ಲ. ಅದು ತಂಡ ನಡೆಸುವವರ ಪಾಲಾಗಿತ್ತು.

ಕನ್ನಡ ನಾಡಿಗೂ ಕಲ್ಕತ್ತೆಯ ಮೈದಾನಕ್ಕೂ ನಂಟು ಹಳೆಯದು. 1934ರಿಂದ 1938ರವರೆಗೆ ಸತತ ಐದು ಬಾರಿ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದಲ್ಲಿ ಬೆಂಗಳೂರಿನಿಂದ ಹೋದ ಆಟಗಾರರಿದ್ದರು. ಅದೇ ತಂಡವನ್ನು 1937ರ ರೋವರ್ಸ್ ಕಪ್ ಫೈನಲ್‌ನಲ್ಲಿ ಸೋಲಿಸಿದ್ದು ಬೆಂಗಳೂರು ಮುಸ್ಲಿಮ್ಸ್. ಆದರೆ ಕಾಲಿನ ಚಳಕ ಎಲ್ಲಿಂದ ಬಂದರೂ ಕಾರುಬಾರು ಕಲ್ಕತ್ತೆಯದು. 1893ರಲ್ಲಿ ಹುಟ್ಟಿದ ಬಂಗಾಳದ ಸಂಘ ಇವತ್ತಿಗೂ ತನ್ನನ್ನು ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಎಂದೇ ಕರೆದುಕೊಳ್ಳುತ್ತದೆ. ಆಳುವುದು ಒಂದು ರಾಜ್ಯ, ಹೆಸರು ಇಡೀ ದೇಶದ್ದು. ದೇಶಕ್ಕೆಲ್ಲ ತಾನೇ ಯಜಮಾನ ಎಂಬ ಅದರ ಹಟವನ್ನು ಮುರಿಯಲು ಉಳಿದ ಪ್ರಾಂತ್ಯಗಳು ಹೆಣಗಿದ ಮೇಲೆಯೇ 1937ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆದದ್ದು. ಪಕ್ಷಪಾತದ ದೂರು ಹೊತ್ತು ಮೊಹಮ್ಮಡನ್, ಈಸ್ಟ್ ಬೆಂಗಾಲ್ ಮೊದಲಾದ ಕ್ಲಬ್‌ಗಳು 1939ರಲ್ಲಿ ಲೀಗ್‌ನಿಂದಲೇ ಹೊರನಡೆದವು. ಆ ವರ್ಷ ಮೋಹನ್ ಬಾಗಾನ್ ಮೊದಲ ಬಾರಿಗೆ ಲೀಗ್ ಗೆದ್ದಿತು. ಎದುರಾಳಿಗಳೇ ಮೈದಾನ ಬಿಟ್ಟಿದ್ದಾಗ ಬಂದ ಆ ಗೆಲುವಿನ ಸವಿ ಎಷ್ಟಿತ್ತೋ.

ಈಗ ಫಿಫಾದ ಕೇಂದ್ರವಾದ ಜ್ಯೂರಿಕ್ ಕಡೆಗೆ ಹೊರಳಬಹುದು. ಫಿಫಾದ ಸಂವಿಧಾನದಲ್ಲಿ ಪ್ರತಿ ದೇಶಕ್ಕೂ ಒಂದೇ ಮತ. ಇಂದು ಸದಸ್ಯರು 211. ಬ್ರೆಜಿಲ್‌ನದೂ ಒಂದು, ಪುಟ್ಟ ಕೆರಿಬಿಯನ್ ದ್ವೀಪದ್ದೂ ಒಂದು. ಇದನ್ನೇ ಭ್ರಷ್ಟಾಚಾರದ ಬೇರು ಎನ್ನುವ ಯೂರೋಪಿನ ಪಂಡಿತರ ಮಾತು ನನಗೆ ಒಪ್ಪಿಗೆಯಿಲ್ಲ. 1974ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಬ್ರೆಜಿಲ್‌ನ ಜೊವಾವೊ ಹಾವೆಲಾಂಜ್ ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್ ಅವರನ್ನು ಎರಡನೇ ಸುತ್ತಿನಲ್ಲಿ 68-52ರಿಂದ ಸೋಲಿಸಿದಾಗ ಆಫ್ರಿಕಾದ ದೇಶಗಳು ಅವರ ಬೆನ್ನಿಗೆ ನಿಂತಿದ್ದವು. ವರ್ಣಭೇದದ ದಕ್ಷಿಣ ಆಫ್ರಿಕಾದ ಬಗ್ಗೆ ರೌಸ್ ತೋರಿದ್ದ ಮೃದುತ್ವಕ್ಕೆ ಅದು ನ್ಯಾಯವಾದ ಉತ್ತರ. ತೊಂದರೆ ಏನೆಂದರೆ ಅಂದು ನ್ಯಾಯ ಹೊಕ್ಕ ಬಾಗಿಲಿನಿಂದಲೇ ದಾಕ್ಷಿಣ್ಯವೂ ಒಳಬಂತು. ಪ್ರಾಯೋಜಕರ ಹಣ ಹರಿಯಿತು, ಅದರಲ್ಲಿ ಒಂದಿಷ್ಟು ಸದಸ್ಯ ಸಂಘಗಳಿಗೆ ಹಂಚಿಕೆಯಾಯಿತು, ಹಂಚಿದವರಿಗೆ ಮತ ಮರಳಿತು. ಹಂಚುವವರ ಜೇಬಿಗೆ ಬಿದ್ದದ್ದೂ ಉಂಟು. ಪ್ರಸಾರ ಹಕ್ಕುಗಳ ದಲ್ಲಾಳಿ ಐಎಸ್ಎಲ್ ಕಂಪನಿಯಿಂದ ಹಾವೆಲಾಂಜ್‌ಗೆ 1997ರಲ್ಲಿ 15 ಲಕ್ಷ ಸ್ವಿಸ್ ಫ್ರಾಂಕ್, ಅವರ ಒಂದು ಕಾಲದ ಅಳಿಯ ರಿಕಾರ್ಡೊ ತೆಶೇರಾಗೆ 1992-97ರ ನಡುವೆ ಕನಿಷ್ಠ 127 ಲಕ್ಷ ಫ್ರಾಂಕ್ ಸಂದಿದ್ದು 2012ರಲ್ಲಿ ಹೊರಬಿದ್ದ ಸ್ವಿಸ್ ದಾಖಲೆಗಳಲ್ಲಿದೆ. ಆ ಹಣ ಕೈಬದಲಾದ ಕಾಲದಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಇಂಥ ವಾಣಿಜ್ಯ ಲಂಚ ಅಪರಾಧವೇ ಆಗಿರಲಿಲ್ಲ.

ಲಂಚದ ಮುಖವನ್ನು ಹತ್ತಿರದಿಂದ ನೋಡಬೇಕೆಂದರೆ 2011ರ ಮೇ 10ರಂದು ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ಗೆ ಹೋಗಬೇಕು. ಫಿಫಾ ಅಧ್ಯಕ್ಷಗಿರಿಗೆ ಸೆಪ್ ಬ್ಲಾಟರ್ ವಿರುದ್ಧ ನಿಂತಿದ್ದ ಏಷ್ಯಾ ಒಕ್ಕೂಟದ ಅಧ್ಯಕ್ಷ, ಕತಾರಿನ ಮೊಹಮ್ಮದ್ ಬಿನ್ ಹಮ್ಮಾಮ್, ಕೆರಿಬಿಯನ್ ಪ್ರತಿನಿಧಿಗಳ ಮುಂದೆ ಭಾಷಣ ಮಾಡಿ ಮುಗಿಸಿದ್ದರು. ಆಮೇಲೆ ಹೋಟೆಲಿನ ಕೊಠಡಿಯೊಂದಕ್ಕೆ ಒಬ್ಬೊಬ್ಬರನ್ನೇ ಕರೆದು ಲಕೋಟೆ ಕೊಡಲಾಯಿತು. ಬಹಾಮಾಸ್‌ನ ಫ್ರೆಡ್ ಲನ್ ತೆರೆದು ನೋಡಿದರೆ ನಾಲ್ಕು ಕಟ್ಟು ನೋಟು, ಒಟ್ಟು 40,000 ಡಾಲರ್. ತಮ್ಮ ಸಂಘದ ಅಧ್ಯಕ್ಷರನ್ನು ಕೇಳಿದರು, ಬೇಡವೆಂದ ಮೇಲೆ ನೋಟಿನ ಫೋಟೊ ತೆಗೆದುಕೊಂಡು ಲಕೋಟೆ ಮರಳಿಸಿದರು. ಆ ಫೋಟೊ ಇಲ್ಲದಿದ್ದರೆ ಪ್ರಕರಣವೇ ಇರುತ್ತಿರಲಿಲ್ಲವೇನೋ. ಫಿಫಾ ಬಿನ್ ಹಮ್ಮಾಮ್‌ಗೆ ಆಜೀವ ನಿಷೇಧ ಹೇರಿತು. ಸಾಕ್ಷ್ಯ ಸಾಲದೆಂದು ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ರದ್ದು ಮಾಡಿತು. ಆ ವರ್ಷಾಂತ್ಯಕ್ಕೆ ಬೇರೆ ಆರೋಪದ ಮೇಲೆ ಮತ್ತೆ ಆಜೀವ ನಿಷೇಧ ಬಂತು. ಈ ಬಿನ್ ಹಮ್ಮಾಮ್ ಹಿಂದೆ ಫಿಫಾದ ಗೋಲ್ ಅಭಿವೃದ್ಧಿ ಯೋಜನೆಯ ಮುಖ್ಯಸ್ಥರು. ದೆಹಲಿಯ ದ್ವಾರಕಾದಲ್ಲಿರುವ ನಮ್ಮ ಫೆಡರೇಷನ್ನಿನ ಫುಟ್‌ಬಾಲ್ ಹೌಸ್ ಕೂಡ ಆ ಯೋಜನೆಯ ನೆರವಿನಿಂದ ಎದ್ದದ್ದು. ಲಕೋಟೆಯ ಹಣ ಲಂಚ, ಕಟ್ಟಡದ ಹಣ ಅಭಿವೃದ್ಧಿ. ಎರಡರ ನಡುವೆ ಗೆರೆ ಇರುವುದು ನಿಜ. ಆದರೆ ಮತ ಹಾಕುವ ದಿನ ನೆನಪಾಗುವುದು ಎರಡನೆಯದೇ.

ಇದಕ್ಕೆ 2015ರ ಒಂದೇ ವಾರ ಸಾಕ್ಷಿ. ಮೇ 27ರ ಬೆಳಗಿನ ಜಾವ ಜ್ಯೂರಿಕ್‌ನ ಹೋಟೆಲಿನಿಂದ ಏಳು ಅಧಿಕಾರಿಗಳನ್ನು ಪೊಲೀಸರು ಬಂಧಿಸಿದರು. ಅಮೆರಿಕದ ನ್ಯಾಯ ಇಲಾಖೆ ಹೊರಿಸಿದ ಆರೋಪ, 24 ವರ್ಷಗಳಲ್ಲಿ 15 ಕೋಟಿ ಡಾಲರಿಗೂ ಮಿಕ್ಕ ಲಂಚ. ಎರಡೇ ದಿನಕ್ಕೆ, ಮೇ 29ರಂದು, ಅದೇ ಊರಿನಲ್ಲಿ ಬ್ಲಾಟರ್ ಮೊದಲ ಸುತ್ತಿನಲ್ಲಿ 133-73ರ ಮುನ್ನಡೆ ಪಡೆದರು, ಎದುರಾಳಿ ಹಿಂದೆ ಸರಿದರು. ಆ 133 ಮಂದಿಗೂ ಯಾರೋ ಲಕೋಟೆ ಕೊಟ್ಟಿದ್ದರು ಎನ್ನುವುದು ಹುಚ್ಚುತನ. ಅವರು ತಮ್ಮ ಮೈದಾನ, ಕಚೇರಿ, ತರಬೇತಿ ಶಿಬಿರಗಳ ಋಣ ತೀರಿಸಿದರು. ನಾಲ್ಕು ದಿನಗಳಲ್ಲಿ ಬ್ಲಾಟರ್ ರಾಜೀನಾಮೆ ಘೋಷಿಸಿದರು. 2016ರಲ್ಲಿ ಗೆದ್ದು ಬಂದ ಜಿಯಾನಿ ಇನ್ಫ್ಯಾಂಟಿನೊ ಪ್ರತಿ ಸಂಘಕ್ಕೂ ನಾಲ್ಕು ವರ್ಷಕ್ಕೆ 50 ಲಕ್ಷ ಡಾಲರಿನ ಭರವಸೆಯೊಂದಿಗೇ ಬಂದವರು. 2023-26ರ ಅವಧಿಗೆ ಅದು ಗರಿಷ್ಠ 80 ಲಕ್ಷವಾಗಿದೆ.

ಭಾರತದ ಕಥೆಯಲ್ಲಿ ಲಕೋಟೆಯ ಮಾತಿಲ್ಲ, ಮತದಾರರ ಪಟ್ಟಿಯದೇ ಮಾತು. ಪ್ರಿಯರಂಜನ್ ದಾಸ್‌ಮುನ್ಷಿ 1988ರಿಂದ 20 ವರ್ಷ ಫೆಡರೇಷನ್ನಿನ ಅಧ್ಯಕ್ಷರು, ನಂತರ ಪ್ರಫುಲ್ ಪಟೇಲ್. ಪಟೇಲರ ಅವಧಿ 2020ರ ಡಿಸೆಂಬರಿಗೆ ಮುಗಿದರೂ ಚುನಾವಣೆ ನಡೆಯಲಿಲ್ಲ. 2022ರ ಮೇ 18ರಂದು ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಅನಿಲ್ ದವೆ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಎಸ್.ವೈ. ಖುರೇಷಿ, ಗೋಲ್‌ಕೀಪರ್ ಆಗಿದ್ದ ಭಾಸ್ಕರ್ ಗಂಗೂಲಿ ಇವರ ಆಡಳಿತ ಸಮಿತಿಗೆ ಸಂಸ್ಥೆಯನ್ನು ಒಪ್ಪಿಸಿತು. ಸಮಿತಿ ಮಾಡಹೊರಟ ಒಂದು ಕೆಲಸ ನನ್ನ ದೃಷ್ಟಿಯಲ್ಲಿ ಕ್ರಾಂತಿಕಾರಿ: ರಾಜ್ಯ ಸಂಘಗಳ 36 ಮತಗಳ ಜೊತೆಗೆ ಮಾಜಿ ಆಟಗಾರರಿಗೂ 36 ಮತ, 24 ಪುರುಷರು, 12 ಮಹಿಳೆಯರು. ಫಿಫಾ ಒಪ್ಪಲಿಲ್ಲ. ಸ್ವಾತಂತ್ರ್ಯೋತ್ಸವದ ದಿನಾಂಕ ಹೊತ್ತ ಪ್ರಕಟಣೆಯಲ್ಲಿ, ಮೂರನೆಯವರ ಹಸ್ತಕ್ಷೇಪವೆಂದು ಭಾರತವನ್ನು ಅಮಾನತು ಮಾಡಿತು. ಅಕ್ಟೋಬರಿನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಇಲ್ಲೇ ನಡೆಯಬೇಕಿತ್ತು; ಅದು ಕೈತಪ್ಪುವ ಭಯ. ಆಗಸ್ಟ್ 22ಕ್ಕೆ ಕೋರ್ಟ್ ಸಮಿತಿಯನ್ನು ತೆಗೆಯಿತು, ಆಟಗಾರರ ಪಟ್ಟಿ ಬಿದ್ದುಹೋಯಿತು, 26ಕ್ಕೆ ಅಮಾನತು ತೆರವಾಯಿತು.

ಸೆಪ್ಟೆಂಬರ್ 2ರ ಅಧ್ಯಕ್ಷ ಚುನಾವಣೆಯಲ್ಲಿ ಇದ್ದದ್ದು 34 ಮತ. ಕಲ್ಯಾಣ್ ಚೌಬೆಗೆ 33, ಬೈಚುಂಗ್ ಭುಟಿಯಾಗೆ 1. ಇಬ್ಬರೂ ಕೋಲ್ಕತ್ತದ ಕ್ಲಬ್‌ಗಳಲ್ಲಿ ಆಡಿ ಬೆಳೆದವರು, ಹಾಗಾಗಿ ಆಟಗಾರ ಸೋತ ಎನ್ನುವುದು ಸರಿಯಲ್ಲ. ಸಂಸ್ಥೆಯ ಇತಿಹಾಸದಲ್ಲಿ ಆಟಗಾರನೊಬ್ಬ ಅಧ್ಯಕ್ಷನಾದದ್ದೇ ಅದು ಮೊದಲು. ಆದರೆ ಭಾರತ ತಂಡದ ನಾಯಕನಾಗಿದ್ದವನಿಗೆ ಇಡೀ ದೇಶದ ಸಂಘಗಳಿಂದ ಒಂದೇ ಮತ ಬೀಳುವ ಪಟ್ಟಿಯಲ್ಲಿ ಆಟದ ಅನುಭವಕ್ಕೆ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಉಪಾಧ್ಯಕ್ಷ ಸ್ಥಾನಕ್ಕೆ ಗೆದ್ದವರು ಕರ್ನಾಟಕ ಸಂಸ್ಥೆಯ ಅಧ್ಯಕ್ಷ, ಶಾಸಕ ಎನ್.ಎ. ಹ್ಯಾರಿಸ್, ಮತ 29-5.

ಮುಂದೆ ನಡೆದದ್ದರಲ್ಲಿ ಕನ್ನಡಿಗರು ಹೆಮ್ಮೆಪಟ್ಟ ಒಂದು ಗಳಿಗೆಯೂ ಇದೆ. 2022ರ ಅಕ್ಟೋಬರಿನಲ್ಲಿ ನಮ್ಮ ಫೆಡರೇಷನ್ ಸೌದಿ ಅರೇಬಿಯಾದ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಡಿಸೆಂಬರಿನಲ್ಲಿ 2027ರ ಏಷ್ಯಾ ಕಪ್ ಆತಿಥ್ಯದ ಕಣದಿಂದ ಭಾರತ ಹಿಂದೆ ಸರಿಯಿತು; ಉಳಿದದ್ದು ಸೌದಿ ಒಂದೇ. 2023ರ ಫೆಬ್ರವರಿ 1ರಂದು ಮನಾಮಾದಲ್ಲಿ ಆತಿಥ್ಯ ಅದರ ಪಾಲಾಯಿತು. ಮರುತಿಂಗಳು ಸಂತೋಷ್ ಟ್ರೋಫಿಯ ಕೊನೆಯ ಪಂದ್ಯಗಳು ರಿಯಾದ್‌ಗೆ ಹೋದವು. ಮಾರ್ಚ್ 4ರಂದು ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ಹೆಸರಿನಲ್ಲಿ 1968-69ರಲ್ಲಿ ಗೆದ್ದಿದ್ದ ಕಪ್ಪನ್ನು 54 ವರ್ಷಗಳ ಮೇಲೆ ಮರಳಿ ಎತ್ತಿತು. ಇಲ್ಲಿ ಯಾರೂ ಲಂಚ ತಿಂದರೆಂದು ಹೇಳುವ ಆಧಾರ ನನ್ನಲ್ಲಿಲ್ಲ, ಹೇಳುತ್ತಲೂ ಇಲ್ಲ. ಒಪ್ಪಂದ, ಹಿಂಜರಿತ, ಆತಿಥ್ಯ, ಇವೆಲ್ಲ ಬಹಿರಂಗವಾಗಿಯೇ ನಡೆದವು. ಸಂಘಗಳು ಪರಸ್ಪರ ದಾಕ್ಷಿಣ್ಯದಲ್ಲಿ ಬದುಕುವಾಗ ಬಚ್ಚಿಡುವುದಕ್ಕೆ ಏನೂ ಇರುವುದಿಲ್ಲ. ಆ ಸಂಜೆ ಗೆದ್ದ ಹುಡುಗರಿಗೆ ಇದೆಲ್ಲದರ ಪರಿವೆಯೂ ಬೇಕಿರಲಿಲ್ಲ, ಅವರು ಆಡಿದರು.

2025ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಫೆಡರೇಷನ್ನಿನ ಹೊಸ ಸಂವಿಧಾನವನ್ನು ಅಂಗೀಕರಿಸಿತು. ಅದರಲ್ಲಿ ಸಾಮಾನ್ಯ ಸಭೆಗೆ 15 ಮಂದಿ ಗಣ್ಯ ಆಟಗಾರರು ಬರುತ್ತಾರೆ, ಕನಿಷ್ಠ ಐವರು ಮಹಿಳೆಯರು. ಮೂರು ವರ್ಷದ ಹಿಂದೆ 36 ಎಂದಿದ್ದ ಸಂಖ್ಯೆ 15ಕ್ಕೆ ಇಳಿಯಿತು, ಆದರೂ ಮತ ಮತವೇ. ಗಾರ್ಡನ್ ರೀಚ್‌ನ ತಂಡ ಸೇರಿ ರೈಲ್ವೆ ನೌಕರಿ ಹಿಡಿದಿದ್ದ ತುಳಸೀದಾಸ್ ಬಲರಾಂ ಅದನ್ನು ಕಾಣಲಿಲ್ಲ. ಕರ್ನಾಟಕ ರಿಯಾದ್‌ನಲ್ಲಿ ಕಪ್ ಎತ್ತುವುದಕ್ಕೆ ಹದಿನಾರು ದಿನ ಮೊದಲು, 2023ರ ಫೆಬ್ರವರಿ 16ರಂದು, ಅವರು ಕೋಲ್ಕತ್ತದಲ್ಲಿ ತೀರಿಕೊಂಡಿದ್ದರು.